ಸೊನ್ನೆ ಬಂದಲ್ಲಿ ನಿಂತುಹೋದ ಸ್ಟ್ರಿಂಗ್: ಲುವಾ ಮತ್ತು ಸಿ ನಡುವೆ ಬೈಟುಗಳ ಸಾಗಣೆ

ಕೆಲವು ವರ್ಷಗಳ ಹಿಂದೆ ಚಿಕ್ಕ ಪಟ್ಟಣವೊಂದರ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ನಾವು ಒಂದು ವಿದ್ಯುತ್ ಮೀಟರನ್ನು ಸಣ್ಣ ಲಿನಕ್ಸ್ ಬೋರ್ಡಿಗೆ ಜೋಡಿಸಿ, ನಿಮಿಷಕ್ಕೊಮ್ಮೆ ವೋಲ್ಟೇಜ್ ಮತ್ತು ಆಂಪಿಯರ್ ಅಂಕಿಗಳನ್ನು ಬರೆದಿಡುವ ಏರ್ಪಾಡು ಮಾಡಿದ್ದೆವು. ಹಗಲಿನ ದಾಖಲೆ ಅಚ್ಚುಕಟ್ಟಾಗಿ ಬರುತ್ತಿತ್ತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ ಒಂದು ಸಾಲೂ ಇರುತ್ತಿರಲಿಲ್ಲ. ರಾತ್ರಿ ಲೈನ್ ಹೋಗುತ್ತಿರಬೇಕು, ಬೋರ್ಡಿಗೆ ಬ್ಯಾಟರಿ ಇದ್ದರೂ ಮೀಟರಿಗೆ ಇಲ್ಲವಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡು ಮೂರು ವಾರ ಕಳೆದೆ. ಕೊನೆಗೊಂದು ದಿನ ಪಂಪ್ ಆಪರೇಟರು ಫೋನಿನಲ್ಲಿ, "ಲೈನ್ ಎಲ್ಲಿ ಹೋಗಿತ್ತು ಸಾರ್? ಟ್ಯಾಂಕ್ ತುಂಬ್ತು ಅಂತ ನಾವೇ ಮೋಟರ್ ನಿಲ್ಲಿಸಿದ್ದು" ಎಂದರು.

ಮೋಟರ್ ನಿಂತಿದ್ದರೆ ಆಂಪಿಯರ್ ಸೊನ್ನೆ. ಅಂದರೆ ನಮ್ಮ ವ್ಯವಸ್ಥೆಯಲ್ಲಿ ಕಾಣೆಯಾಗುತ್ತಿದ್ದದ್ದು ರಾತ್ರಿಯಲ್ಲ, ಸೊನ್ನೆ. ಎರಡೂ ಅಂಕಿಗಳು ಕೈಗೆ ಸಿಕ್ಕರೆ ಮಾತ್ರ ಸಾಲು ಬರೆಯುವಂತೆ ನಾನು ಸ್ಕ್ರಿಪ್ಟ್ ಬರೆದಿದ್ದೆನಾದ್ದರಿಂದ, ಆಂಪಿಯರ್ ಸಿಗದ ನಿಮಿಷದಲ್ಲಿ ವೋಲ್ಟೇಜೂ ದಾಖಲಾಗುತ್ತಿರಲಿಲ್ಲ. ಹೀಗೆ ಒಂದು ತಪ್ಪನ್ನು ಇನ್ನೊಂದು ಜಾಣತನ ಮುಚ್ಚಿ ಹಾಕಿತ್ತು. ಮೂಲ ತಪ್ಪು ಇದ್ದದ್ದು ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟಿಗೂ, ಮೀಟರಿನ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿಗೂ ನಡುವೆ ನಾನೇ ಸಿ ಭಾಷೆಯಲ್ಲಿ ಬರೆದಿದ್ದ ಲೈಬ್ರರಿಯ ಒಂದೇ ಒಂದು ಸಾಲಿನಲ್ಲಿ. ಅಂತಹ ಇಂಟರ್‌ಫೇಸಿನಲ್ಲಿ ಬೈನರಿ ದತ್ತಾಂಶ ಎಲ್ಲೆಲ್ಲಿ ಕೆಡಬಹುದು ಎಂಬುದನ್ನು ನಾನು ಕಲಿತದ್ದು ಅಲ್ಲಿಂದಲೇ. ಇಲ್ಲಿ ಫಂಕ್ಷನ್ನುಗಳ ಹೆಸರನ್ನು ಅವುಗಳ ಮೊದಲಿಗೆ ಬರುವ ಲುವಾ ಎಂಬ ತುಂಡನ್ನು ಬಿಟ್ಟು, ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಬೈಟುಗಳನ್ನೂ ಹದಿನಾರರ ಪದ್ಧತಿಯಲ್ಲಿ ಬರೆಯದೆ ಸಾಮಾನ್ಯ ದಶಮಾನದಲ್ಲೇ ಕೊಟ್ಟಿದ್ದೇನೆ.

ಮೀಟರ್ ಮಾತನಾಡುತ್ತಿದ್ದದ್ದು ಮಾಡ್‌ಬಸ್ ಭಾಷೆಯಲ್ಲಿ. ಮಾಡಿಕಾನ್ ಕಂಪನಿ 1979ರಲ್ಲಿ ಹೊರತಂದ ಈ ಪ್ರೋಟೊಕಾಲ್ ಇಂದಿಗೂ ಕಾರ್ಖಾನೆಗಳಲ್ಲಿ, ಪಂಪ್‌ಹೌಸುಗಳಲ್ಲಿ, ಸೌರ ಇನ್ವರ್ಟರುಗಳಲ್ಲಿ ಎಲ್ಲೆಡೆ ಇದೆ. ಒಂದನೇ ಸಂಖ್ಯೆಯ ಮೀಟರಿನಿಂದ ಸೊನ್ನೆಯ ವಿಳಾಸದಲ್ಲಿರುವ ಎರಡು ರಿಜಿಸ್ಟರುಗಳನ್ನು (ಮೀಟರ್ ಅಂಕಿ ಇಟ್ಟುಕೊಳ್ಳುವ ಎರಡೆರಡು ಬೈಟಿನ ಮನೆಗಳನ್ನು) ಓದಬೇಕಾದರೆ ಕಳುಹಿಸಬೇಕಾದ ಎಂಟು ಬೈಟುಗಳು ಇವು: 1, 3, 0, 0, 0, 2, 196, 11. ಮೊದಲನೆಯದು ಮೀಟರಿನ ಸಂಖ್ಯೆ, ಎರಡನೆಯದು ಓದು ಎಂಬ ಆಜ್ಞೆ, ಮುಂದಿನ ಎರಡು ರಿಜಿಸ್ಟರಿನ ವಿಳಾಸ, ಆಮೇಲಿನ ಎರಡು ಎಷ್ಟು ರಿಜಿಸ್ಟರುಗಳು ಎಂಬುದು, ಕೊನೆಯ ಎರಡು ತಾಳೆ ನೋಡುವ ಸಿಆರ್‌ಸಿ. ಎಂಟರಲ್ಲಿ ಮೂರು ಬೈಟುಗಳು ಸೊನ್ನೆ. ಸಿ ಭಾಷೆಯ ಸ್ಟ್ರಿಂಗ್ ಪದ್ಧತಿಯಲ್ಲಿ ಸೊನ್ನೆಯ ಬೈಟ್ ಎಂದರೆ ಪಠ್ಯ ಮುಗಿಯಿತು ಎಂಬ ಗುರುತು; ಮಾಡ್‌ಬಸ್‌ನಲ್ಲಿ ಸೊನ್ನೆ ಎಂದರೆ ಸೊನ್ನೆ. ಸಿ ಕೋಡಿಗೆ ಈ ಎಂಟು ಬೈಟುಗಳನ್ನು ಕೊಟ್ಟು ಉದ್ದ ಎಷ್ಟು ಎಂದು ಸ್ಟ್ರ್‌ಲೆನ್ ಮೂಲಕ ಕೇಳಿದರೆ ಅದು ಎರಡು ಎನ್ನುತ್ತದೆ.

ಲುವಾದ ಸ್ವಂತ ನಿಲುವು ಇದಕ್ಕಿಂತ ಬೇರೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಯೆರುಸಲಿಮ್‌ಸ್ಕಿ, ಲುಯಿಸ್ ಎನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮಾರ್ ಸೆಲೆಸ್ ಹುಟ್ಟುಹಾಕಿದ ಈ ಭಾಷೆಯಲ್ಲಿ ಸ್ಟ್ರಿಂಗ್ ಎಂದರೆ ಬೈಟುಗಳ ಸಾಲು, ಅಷ್ಟೆ. ಅದರ ಉದ್ದವನ್ನು ಲುವಾ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುತ್ತದೆ; ಒಳಗೆ ಸೊನ್ನೆ ಇರಲಿ, 255 ಇರಲಿ, ಅದಕ್ಕೆ ಸಂಬಂಧವಿಲ್ಲ. ಚಿತ್ರದ ಫೈಲನ್ನೂ ಒಂದು ಸ್ಟ್ರಿಂಗಾಗಿ ಓದಿಕೊಳ್ಳಬಹುದು, ಕನ್ನಡದ ಪದ್ಯವನ್ನೂ ಓದಿಕೊಳ್ಳಬಹುದು. "ಕನ್ನಡ" ಎಂಬ ಪದದ ಉದ್ದ ಕೇಳಿದರೆ ಲುವಾ 15 ಎನ್ನುತ್ತದೆ, ಏಕೆಂದರೆ ಯೂನಿಕೋಡಿನ ಐದು ಸಂಕೇತಗಳು ಯುಟಿಎಫ್-8 ಎಂಬ ಬರೆಯುವ ಪದ್ಧತಿಯಲ್ಲಿ ತಲಾ ಮೂರು ಬೈಟುಗಳಾಗಿ ಕೂತಿರುತ್ತವೆ. ಇದು ಲುವಾದ ಕೊರತೆ ಎನ್ನುವವರಿದ್ದಾರೆ. ಬೈಟನ್ನು ಬೈಟಾಗಿ ನೋಡುವ ಈ ನಿರ್ಲಿಪ್ತತೆಯೇ ಅದನ್ನು ಸೀರಿಯಲ್ ಪೋರ್ಟಿನ ಕೆಲಸಕ್ಕೆ ಒಗ್ಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ತೊಂದರೆ ಬರುವುದು ಗಡಿಯಲ್ಲಿ. ಲುವಾ ಮತ್ತು ಸಿ ಪರಸ್ಪರ ಮಾತನಾಡುವುದು ಒಂದು ಸ್ಟ್ಯಾಕಿನ ಮೂಲಕ: ಸಿ ಕೋಡ್ ಅದರ ಮೇಲೆ ಮೌಲ್ಯಗಳನ್ನು ಇಡುತ್ತದೆ, ಅದರಿಂದ ಎತ್ತಿಕೊಳ್ಳುತ್ತದೆ. ಸ್ಟ್ರಿಂಗ್ ಇಡಲು ಎರಡು ಫಂಕ್ಷನ್ನುಗಳಿವೆ. ಪುಶ್‌ಸ್ಟ್ರಿಂಗ್ ಬರೀ ಪಾಯಿಂಟರನ್ನು, ಅಂದರೆ ಬೈಟುಗಳು ಮೆಮೊರಿಯಲ್ಲಿ ಶುರುವಾಗುವ ಜಾಗದ ವಿಳಾಸವನ್ನು, ತೆಗೆದುಕೊಂಡು, ಮೊದಲ ಸೊನ್ನೆ ಸಿಗುವವರೆಗೆ ಎಣಿಸಿ, ಅಷ್ಟನ್ನು ನಕಲು ಮಾಡಿಕೊಳ್ಳುತ್ತದೆ. ಪುಶ್‌ಎಲ್‌ಸ್ಟ್ರಿಂಗ್ ಪಾಯಿಂಟರಿನ ಜೊತೆಗೆ ಉದ್ದವನ್ನೂ ಕೇಳುತ್ತದೆ, ಒಳಗೆ ಏನಿದೆ ಎಂದು ನೋಡಲು ಹೋಗುವುದಿಲ್ಲ. ಎತ್ತಿಕೊಳ್ಳುವ ಕಡೆಯೂ ಹೀಗೆಯೇ ಜೋಡಿಯಿದೆ: ಟುಸ್ಟ್ರಿಂಗ್ ಮತ್ತು ಟುಎಲ್‌ಸ್ಟ್ರಿಂಗ್, ಚೆಕ್‌ಸ್ಟ್ರಿಂಗ್ ಮತ್ತು ಚೆಕ್‌ಎಲ್‌ಸ್ಟ್ರಿಂಗ್. ನಡುವಿನ ಆ ಎಲ್ ಅಕ್ಷರ ಉದ್ದದ ಗುರುತು. ಇಷ್ಟು ಚಿಕ್ಕ ವ್ಯತ್ಯಾಸವುಳ್ಳ ಹೆಸರುಗಳಲ್ಲಿ ತಪ್ಪಾದದ್ದು ಮೊದಲೇ ಕೈಗೆ ಸಿಗುತ್ತದೆ, ಏಕೆಂದರೆ ಅದನ್ನು ಬರೆಯಲು ಒಂದು ಆರ್ಗ್ಯುಮೆಂಟ್ ಕಡಿಮೆ ಸಾಕು.

ಕಳುಹಿಸುವ ಕಡೆಯಲ್ಲಿ ನನಗೆ ಈ ತಪ್ಪು ಮೊದಲ ದಿನವೇ ಸಿಕ್ಕಿತ್ತು. ಎಂಟು ಬೈಟುಗಳ ಬದಲು ಎರಡು ಹೋದರೆ ಮೀಟರ್ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಚೆಕ್‌ಎಲ್‌ಸ್ಟ್ರಿಂಗ್ ಹಾಕಿ ಸರಿಪಡಿಸಿದ್ದೆ. ಬರುವ ಕಡೆಯಲ್ಲಿ ಪುಶ್‌ಸ್ಟ್ರಿಂಗ್ ಹಾಗೆಯೇ ಉಳಿದುಬಿಟ್ಟಿತ್ತು. ಅದು ಹೇಗೆ ಮೂರು ವಾರ ಅಡಗಿ ಕೂತಿತ್ತು ಎಂಬುದನ್ನು ಬಿಡಿಸಿ ಹೇಳಬೇಕು.

ಮೀಟರಿನ ಉತ್ತರ ಒಂಬತ್ತು ಬೈಟು: ಮೀಟರಿನ ಸಂಖ್ಯೆ, ಆಜ್ಞೆ, ಮುಂದೆ ಎಷ್ಟು ಬೈಟು ದತ್ತಾಂಶವಿದೆ ಎಂಬ 4, ದತ್ತಾಂಶದ ನಾಲ್ಕು ಬೈಟು, ಸಿಆರ್‌ಸಿಯ ಎರಡು. ಆ ನಾಲ್ಕು ಬೈಟುಗಳಲ್ಲಿ 32 ಬಿಟ್ಟಿನ ಫ್ಲೋಟ್, ಅಂದರೆ ದಶಾಂಶವುಳ್ಳ ಸಂಖ್ಯೆ ಇರುತ್ತದೆ. ವೋಲ್ಟೇಜ್ 230.4 ಇದ್ದಾಗ ಅವು 67, 102, 102, 102. ಇದರಲ್ಲಿ ಎಲ್ಲಿಯೂ ಸೊನ್ನೆಯಿಲ್ಲ. ಉತ್ತರ ಬಂದು ಬೀಳುವ ಮೆಮೊರಿಯ ಜಾಗವಾದ ಬಫರನ್ನು ನಾನು ಮೊದಲೇ ಸೊನ್ನೆಗಳಿಂದ ತುಂಬಿಟ್ಟಿದ್ದರಿಂದ ಪುಶ್‌ಸ್ಟ್ರಿಂಗ್ ಒಂಬತ್ತನ್ನೂ ಸರಿಯಾಗಿ ದಾಟಿಸುತ್ತಿತ್ತು. ವೋಲ್ಟೇಜ್ ಸರಿಯಾಗಿ 230 ಆದರೆ ಬೈಟುಗಳು 67, 102, 0, 0. ಆಗ ಲುವಾಗೆ ತಲುಪುವುದು ಐದೇ ಬೈಟು. 228.5 ಆದರೆ 67, 100, 128, 0. ಆರು ಬೈಟಿಗೆ ತುಂಡಾಗುತ್ತದೆ. ಅಂದರೆ ಹತ್ತರಲ್ಲಿ ಒಂದು ವೋಲ್ಟಿನವರೆಗೆ ಅಳೆಯುವ ಮೀಟರಿನಲ್ಲಿ ದಶಾಂಶ .0 ಅಥವಾ .5 ಬಂದಾಗಲೆಲ್ಲ ಓದು ಕೆಡುತ್ತಿತ್ತು. ಸ್ಕ್ರಿಪ್ಟ್ ತುಂಡು ಉತ್ತರವನ್ನು ಕಂಡು, ತಂತಿಯಲ್ಲಿ ಗದ್ದಲವಿರಬೇಕು ಎಂದುಕೊಂಡು ಇನ್ನೂ ಮೂರು ಸಲ ಕೇಳುತ್ತಿತ್ತು. ನಮ್ಮ ಲೈನಿನ ವೋಲ್ಟೇಜ್ ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರುವುದಿಲ್ಲವಾದ್ದರಿಂದ ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ದಶಾಂಶ ಬದಲಾಗಿ ಓದು ಸಿಗುತ್ತಿತ್ತು. ಆಂಪಿಯರ್ ಸೊನ್ನೆಯಾದಾಗ ಮಾತ್ರ ನಾಲ್ಕೂ ಬೈಟು ಸೊನ್ನೆ, ಮತ್ತು ಎಷ್ಟು ಸಲ ಕೇಳಿದರೂ ಸೊನ್ನೆಯೇ. ನಿಂತ ಮೋಟರಿನ ಆಂಪಿಯರ್ ಏರಿಳಿಯುವುದಿಲ್ಲವಲ್ಲ.

ಪತ್ತೆಯಾದ ಬಗೆಯೂ ನೇರವಾಗಿರಲಿಲ್ಲ. ಮೊದಲು ಕೇಬಲ್ಲನ್ನು ಅನುಮಾನಿಸಿದೆವು. ತುದಿಯ 120 ಓಮ್ ರೆಸಿಸ್ಟರನ್ನು ಬದಲಿಸಿದೆವು. ಎ ಮತ್ತು ಬಿ ತಂತಿಗಳನ್ನು ಅದಲು ಬದಲು ಮಾಡಿ ಹಗಲಿನ ಓದನ್ನೂ ಕೆಡಿಸಿಕೊಂಡು ಮತ್ತೆ ಮೊದಲಿನಂತೆ ಜೋಡಿಸಿದೆವು. ಸ್ಕ್ರಿಪ್ಟಿನಲ್ಲಿ ಪ್ರಿಂಟ್ ಹಾಕಿ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ: ನಮ್ಮ ಬೋರ್ಡಿನಲ್ಲಿದ್ದದ್ದು ಲುವಾ 5.1, ಆ ಆವೃತ್ತಿಯ ಪ್ರಿಂಟ್ ಒಳಗಡೆ ಎಫ್‌ಪುಟ್ಸ್ ಎಂಬ ಸಿ ಫಂಕ್ಷನ್ನನ್ನು ಬಳಸುತ್ತದೆ, ಆದ್ದರಿಂದ ಅದೂ ಸೊನ್ನೆಯ ಬಳಿ ನಿಲ್ಲುತ್ತದೆ. ಐಒ ರೈಟ್ ಉದ್ದವನ್ನು ನೋಡಿ ಬರೆಯುವುದರಿಂದ ಅದು ನಿಲ್ಲುವುದಿಲ್ಲ. ಅಂದರೆ ಸ್ಟ್ರಿಂಗ್ ಸರಿಯಾಗಿದ್ದಾಗಲೂ ಪ್ರಿಂಟ್ ಅದನ್ನು ತುಂಡು ಮಾಡಿ ತೋರಿಸಬಲ್ಲದು. ಅದೇ ಆವೃತ್ತಿಯಲ್ಲಿ ಫೈಲಿನಿಂದ ಒಂದೊಂದೇ ಸಾಲು ಓದುವ ಕೋಡ್ ಕೂಡ ಎಫ್‌ಗೆಟ್ಸ್ ಮತ್ತು ಸ್ಟ್ರ್‌ಲೆನ್ ಮೇಲೆ ನಿಂತಿತ್ತು. ಭಾಷೆಯನ್ನು ಕಟ್ಟಿದವರ ಸ್ವಂತ ಲೈಬ್ರರಿಯಲ್ಲೇ ಈ ಮುಳ್ಳು ಉಳಿದಿತ್ತು ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಕೊನೆಗೆ ಮಾಡಿದ್ದು ಬಹಳ ಸರಳವಾದ ಕೆಲಸ. ಸಿ ಕೋಡಿನಲ್ಲಿ ಪೋರ್ಟಿನಿಂದ ಎಷ್ಟು ಬೈಟು ಬಂತು ಎಂದು ಬರೆಸಿದೆ. ಲುವಾದಲ್ಲಿ ಕೈಗೆ ಬಂದ ಸ್ಟ್ರಿಂಗಿನ ಉದ್ದವನ್ನೂ, ಒಂದೊಂದು ಬೈಟಿನ ಬೆಲೆಯನ್ನೂ ಸಂಖ್ಯೆಯಾಗಿ ಬರೆಸಿದೆ. ರಾತ್ರಿ ಹತ್ತೂವರೆಗೆ ಪರದೆಯ ಮೇಲೆ ಸಿ ಹೇಳಿದ್ದು 9. ಲುವಾ ಹೇಳಿದ್ದು 3, ಅದರ ಮುಂದೆ 1, 3, 4. ಒಂಬತ್ತಕ್ಕೂ ಮೂರಕ್ಕೂ ನಡುವೆ ಇದ್ದದ್ದು ಒಂದೇ ಸಾಲು.

ಆ ಸಾಲನ್ನು ಪುಶ್‌ಎಲ್‌ಸ್ಟ್ರಿಂಗ್‌ಗೆ ಬದಲಿಸಿ, ಪೋರ್ಟಿನಿಂದ ಓದಿದ ಎಣಿಕೆಯನ್ನೇ ಉದ್ದವಾಗಿ ಕೊಟ್ಟೆ. ಹಾಗೆ ಕೊಡುವಾಗ ಮತ್ತೊಂದು ಹೊಂಡವಿದೆ. ರೀಡ್ ಎಂಬ ಸಿಸ್ಟಂ ಕಾಲ್ ವಿಫಲವಾದರೆ -1 ಹಿಂದಿರುಗಿಸುತ್ತದೆ. ಪುಶ್‌ಎಲ್‌ಸ್ಟ್ರಿಂಗ್ ಉದ್ದವನ್ನು ಚಿಹ್ನೆಯಿಲ್ಲದ ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆ. ಆದ್ದರಿಂದ 32 ಬಿಟ್ಟಿನ ಬೋರ್ಡಿನಲ್ಲಿ ಆ -1 ಎಂಬುದು 4294967295 ಆಗಿಬಿಡುತ್ತದೆ. ಅಷ್ಟು ಬೈಟುಗಳನ್ನು ನಕಲು ಮಾಡಲು ಹೊರಟ ಪ್ರೋಗ್ರಾಂ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಎಣಿಕೆ ಸೊನ್ನೆಗಿಂತ ಕಡಿಮೆಯೇ ಎಂದು ಮೊದಲು ನೋಡಿ, ಹಾಗಿದ್ದರೆ ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಮತ್ತು ದೋಷದ ಸಂದೇಶವನ್ನು ಹಿಂದಿರುಗಿಸುವುದು ಲುವಾದಲ್ಲಿ ರೂಢಿ.

ಸಿಆರ್‌ಸಿ ಲೆಕ್ಕ ನನಗೆ ಬೇರೆಯದೇ ಪಾಠ ಕಲಿಸಿತು. ಟುಎಲ್‌ಸ್ಟ್ರಿಂಗ್ ಕೊಡುವುದು ಕ್ಯಾರ್ ಪಾಯಿಂಟರನ್ನು. ಒಂದು ಬೈಟಿನ ಕ್ಯಾರ್ ಎಂಬ ಈ ಬಗೆ ಋಣ ಸಂಖ್ಯೆಯನ್ನೂ ಹಿಡಿಯುವ ಚಿಹ್ನೆಯುಳ್ಳದ್ದೋ ಇಲ್ಲದ್ದೋ ಎಂಬುದನ್ನು ಸಿ ಭಾಷೆ ಕಂಪೈಲರಿಗೆ ಬಿಟ್ಟಿದೆ. ಲಿನಕ್ಸಿನ ಎಆರ್‌ಎಂ ಬೋರ್ಡುಗಳಲ್ಲಿ ಅದು ಸಾಮಾನ್ಯವಾಗಿ ಚಿಹ್ನೆಯಿಲ್ಲದ್ದು, ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರಿನಲ್ಲಿ ಚಿಹ್ನೆಯುಳ್ಳದ್ದು. ಹಾಗಾಗಿ 196 ಎಂಬ ಬೈಟ್ ಬೋರ್ಡಿನಲ್ಲಿ 196 ಆಗಿಯೇ ಇದ್ದು, ಲ್ಯಾಪ್‌ಟಾಪಿನಲ್ಲಿ -60 ಆಗುತ್ತದೆ. ಅದನ್ನು 16 ಬಿಟ್ಟಿನ ಸಿಆರ್‌ಸಿಯೊಂದಿಗೆ ಎಕ್ಸ್‌ಆರ್ (ಬಿಟ್ಟಿಗೆ ಬಿಟ್ಟು ಹೋಲಿಸಿ, ಬೇರೆಯಿದ್ದಲ್ಲಿ 1 ಇಡುವ ಲೆಕ್ಕ) ಮಾಡಿದಾಗ ಮೇಲಿನ ಎಂಟು ಬಿಟ್ಟುಗಳೂ ತಲೆಕೆಳಗಾಗುತ್ತವೆ. 128ಕ್ಕಿಂತ ಕಡಿಮೆಯ ಬೈಟುಗಳೇ ಇರುವ ಉತ್ತರಗಳಲ್ಲಿ ಲೆಕ್ಕ ಸರಿ ಬರುತ್ತದೆ, ಉಳಿದವುಗಳಲ್ಲಿ ತಪ್ಪುತ್ತದೆ. ಬೋರ್ಡಿನಲ್ಲಿ ತಿಂಗಳುಗಟ್ಟಲೆ ಓಡಿದ ಕೋಡು ನನ್ನ ಮೇಜಿನ ಮೇಲೆ ತಪ್ಪುತ್ತಿದ್ದುದನ್ನು ಕಂಡು, ಬೋರ್ಡಿನಲ್ಲೇ ಏನೋ ಎಡವಟ್ಟಿದೆ ಎಂದು ಅದನ್ನೇ ದೂಷಿಸಿದ್ದೆ. ಪಾಯಿಂಟರನ್ನು ಕೈಗೆ ತೆಗೆದುಕೊಂಡ ಮೊದಲ ಸಾಲಿನಲ್ಲೇ ಚಿಹ್ನೆಯಿಲ್ಲದ ಕ್ಯಾರ್ ಆಗಿ ಬದಲಿಸಿಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ. ಕನ್ನಡ ಪಠ್ಯವನ್ನು ಸಿಯಲ್ಲಿ ನೋಡುವವರಿಗೆ ಇದು ಬೇಗ ಎದುರಾಗುತ್ತದೆ: "ಅ" ಅಕ್ಷರದ ಬೈಟುಗಳು 224, 178, 133, ಮೂರೂ 128ಕ್ಕಿಂತ ಮೇಲೆ. ಇವುಗಳನ್ನು ಟೇಬಲ್ಲಿನ ಸೂಚಿಯಾಗಿ ಬಳಸಿದರೆ ಚಿಹ್ನೆಯುಳ್ಳ ಕ್ಯಾರ್ ನಿಮ್ಮನ್ನು ಟೇಬಲ್ಲಿನ ಹಿಂದುಗಡೆಯ ಮೆಮೊರಿಗೆ ಕರೆದೊಯ್ಯುತ್ತದೆ.

ಕನ್ನಡದ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸಂರಚನಾ ಫೈಲಿನಲ್ಲಿ ಪಂಪ್‌ಹೌಸುಗಳ ಹೆಸರುಗಳು ಕನ್ನಡದಲ್ಲೇ ಇದ್ದವು. ಅವು ಪುಶ್‌ಸ್ಟ್ರಿಂಗ್ ಮೂಲಕ ಯಾವ ತೊಂದರೆಯೂ ಇಲ್ಲದೆ ಬರುತ್ತಿದ್ದವು, ಏಕೆಂದರೆ ಯುಟಿಎಫ್-8ರಲ್ಲಿ ಪಠ್ಯದ ನಡುವೆ ಸೊನ್ನೆಯ ಬೈಟ್ ಬರುವಂತಿಲ್ಲ. ಒಮ್ಮೆ ಯಾರೋ ಆ ಫೈಲನ್ನು ವಿಂಡೋಸಿನಲ್ಲಿ ತೆರೆದು ಯುಟಿಎಫ್-16ರಲ್ಲಿ ಉಳಿಸಿದರು. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಎರಡು ಬೈಟು: ಒಂದು 12, ಇನ್ನೊಂದು 128ರಿಂದ 255ರ ಒಳಗಿನದು. ಹಾಗಾಗಿ ಕನ್ನಡ ಅಕ್ಷರಗಳಲ್ಲಿ ಸೊನ್ನೆ ಬರುವುದೇ ಇಲ್ಲ. ಪದಗಳ ನಡುವಿನ ಖಾಲಿ ಜಾಗದ ಬೈಟುಗಳು ಮಾತ್ರ 32 ಮತ್ತು 0. ಪರಿಣಾಮವಾಗಿ "ಕೆರೆ ಕೋಡಿ" ಎಂಬ ಹೆಸರಿನಲ್ಲಿ ಕೆರೆ ಉಳಿದು ಕೋಡಿ ಕಡಿದುಹೋಗಿತ್ತು. ಒಂದೇ ಪದದ ಹೆಸರುಳ್ಳ ಪಂಪ್‌ಹೌಸುಗಳ ಬೈಟುಗಳೆಲ್ಲ ಪೂರ್ತಿ ಬಂದಿದ್ದವು.

ಉದ್ದವನ್ನು ಸರಿಯಾಗಿ ಸಾಗಿಸಿದ ಮೇಲೆಯೂ, ಪಾಯಿಂಟರ್ ಎಷ್ಟು ಹೊತ್ತು ಬದುಕಿರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಟುಎಲ್‌ಸ್ಟ್ರಿಂಗ್ ಕೊಡುವ ಪಾಯಿಂಟರ್ ಲುವಾದ ಸ್ವಂತ ಮೆಮೊರಿಯ ಒಳಗಿನದು, ನಕಲಲ್ಲ. ಆ ಸ್ಟ್ರಿಂಗ್ ಸ್ಟ್ಯಾಕಿನ ಮೇಲೆ ಇರುವವರೆಗೆ, ಇಲ್ಲವೇ ಲುವಾದಲ್ಲಿ ಬೇರೆಲ್ಲಾದರೂ ಅದನ್ನು ಯಾರಾದರೂ ಹಿಡಿದುಕೊಂಡಿರುವವರೆಗೆ ಮಾತ್ರ ಅದು ಕ್ಷೇಮ. ಆಮೇಲೆ ಬಳಕೆಯಲ್ಲಿಲ್ಲದ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಯಾವಾಗ ಬಂದು ಅದನ್ನು ಒರೆಸಿಹಾಕುತ್ತದೆ ಎಂದು ಹೇಳಲಾಗದು. ಪೋರ್ಟಿನ ಹೆಸರನ್ನು ನಾನು ಸಿ ಸ್ಟ್ರಕ್ಚರಿನಲ್ಲಿ ಬರೀ ಪಾಯಿಂಟರಾಗಿ ಇಟ್ಟುಕೊಂಡಿದ್ದೆ, ಪೋರ್ಟ್ ಮುಚ್ಚಿಹೋದರೆ ಮತ್ತೆ ತೆರೆಯಲು ಬೇಕಾಗುತ್ತದೆಂದು. ಸ್ಕ್ರಿಪ್ಟಿನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ನೇರವಾಗಿ ಬರೆದಿದ್ದಾಗ ಎಲ್ಲವೂ ಸರಿಯಿತ್ತು, ಏಕೆಂದರೆ ಹಾಗೆ ಬರೆದ ಸ್ಟ್ರಿಂಗನ್ನು ಆ ಫಂಕ್ಷನ್ನಿನ ಸ್ಥಿರಾಂಕಗಳ ಪಟ್ಟಿಯೇ ಹಿಡಿದುಕೊಂಡಿರುತ್ತದೆ. ಆಮೇಲೆ ಎರಡು ಪೋರ್ಟುಗಳು ಬೇಕಾಗಿ, ಹೆಸರಿನ ಕೊನೆಗೆ ಸಂಖ್ಯೆಯನ್ನು ಜೋಡಿಸಿ ಕೊಡುವಂತೆ ಸ್ಕ್ರಿಪ್ಟನ್ನು ತಿದ್ದಿದೆವು. ಜೋಡಿಸಿ ಹುಟ್ಟಿದ ಆ ಸ್ಟ್ರಿಂಗನ್ನು ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಸಿ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಎರಡು ದಿನಗಳ ನಂತರ ಪೋರ್ಟ್ ಮತ್ತೆ ತೆರೆಯುವ ಹೊತ್ತಿಗೆ ಆ ಪಾಯಿಂಟರ್ ತೋರಿಸುತ್ತಿದ್ದ ಜಾಗದಲ್ಲಿ ಮೀಟರಿನ ಹಳೆಯ ಉತ್ತರವೊಂದರ ಚೂರು ಕೂತಿತ್ತು. ಇದಕ್ಕೆ ಪರಿಹಾರ ಎರಡು: ಬೈಟುಗಳನ್ನು ನಮ್ಮ ಸ್ವಂತ ಮೆಮೊರಿಗೆ ನಕಲು ಮಾಡಿಕೊಳ್ಳುವುದು, ಇಲ್ಲವೇ ಸ್ಟ್ರಿಂಗನ್ನು ಲುವಾದ ರಿಜಿಸ್ಟ್ರಿ ಎಂಬ ಒಳಗಿನ ಟೇಬಲ್ಲಿನಲ್ಲಿ ರೆಫ್ ಮಾಡಿ ಇಟ್ಟು, ಕೆಲಸ ಮುಗಿದ ಮೇಲೆ ಬಿಡುಗಡೆ ಮಾಡುವುದು. ಚಿಕ್ಕ ದತ್ತಾಂಶಕ್ಕೆ ನಾನು ಯಾವಾಗಲೂ ನಕಲನ್ನೇ ಆರಿಸುತ್ತೇನೆ.

ಆ ಪಾಯಿಂಟರಿನ ಮೂಲಕ ಬರೆಯುವುದಂತೂ ಕೂಡದು. ಲುವಾದಲ್ಲಿ ಸ್ಟ್ರಿಂಗ್ ಬದಲಾಗದ ವಸ್ತು. 5.3 ಮತ್ತು 5.4ರಲ್ಲಿ 40 ಬೈಟಿನವರೆಗಿನ ಒಂದೇ ಬಗೆಯ ಸ್ಟ್ರಿಂಗುಗಳೆಲ್ಲ ಮೆಮೊರಿಯಲ್ಲಿ ಒಂದೇ ಪ್ರತಿಯಾಗಿರುತ್ತವೆ; 5.1ರಲ್ಲಂತೂ ಎಷ್ಟೇ ಉದ್ದವಿದ್ದರೂ ಹಾಗೆಯೇ. ಒಂದು ಕಡೆ ಬೈಟ್ ತಿದ್ದಿದರೆ ಆ ಸ್ಟ್ರಿಂಗನ್ನು ಕೀಲಿಯಾಗಿ ಬಳಸಿದ ಟೇಬಲ್ಲುಗಳೆಲ್ಲ ಗೊಂದಲಕ್ಕೆ ಬೀಳುತ್ತವೆ. ಕಂಪೈಲರ್ ಇದು ಕಾನ್ಸ್ಟ್, ಬರೆಯಬಾರದ್ದು ಎಂದು ಎಚ್ಚರಿಸುತ್ತದೆ. ಬಗೆಯನ್ನು ಬದಲಿಸುವ ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸುವವರು ಮುಚ್ಚಿಸುತ್ತಾರೆ.

ಟುಎಲ್‌ಸ್ಟ್ರಿಂಗ್‌ಗೆ ಇನ್ನೊಂದು ಗುಣವಿದೆ, ಅದು ಔದಾರ್ಯದ ಗುಣ, ಆದ್ದರಿಂದಲೇ ಅಪಾಯಕಾರಿ. ಸ್ಟ್ಯಾಕಿನ ಮೇಲೆ ಸಂಖ್ಯೆ ಇದ್ದರೂ ಅದು ದೂರುವುದಿಲ್ಲ; ಅದನ್ನು ಅಲ್ಲೇ ಸ್ಟ್ರಿಂಗಾಗಿ ಬದಲಿಸಿ ಕೊಡುತ್ತದೆ. ಒಂದು ಎಂಬ ಬೈಟ್ ಕಳುಹಿಸಬೇಕಾದವರು ಸ್ಕ್ರಿಪ್ಟಿನಲ್ಲಿ 1 ಎಂದು ಬರೆದುಬಿಟ್ಟರೆ, ಸಿಗೆ ತಲುಪುವುದು "1" ಎಂಬ ಅಕ್ಷರ, ಅಂದರೆ 49 ಎಂಬ ಬೈಟ್. ಬೈಟುಗಳನ್ನೇ ನಿರೀಕ್ಷಿಸುವ ಫಂಕ್ಷನ್ನುಗಳಲ್ಲಿ ನಾನು ಮೊದಲು ಟೈಪ್ ಸ್ಟ್ರಿಂಗೇ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತೇನೆ. ಟೇಬಲ್ಲಿನ ಕೀಲಿಗಳನ್ನು ನೆಕ್ಸ್ಟ್ ಮೂಲಕ ಸುತ್ತುವಾಗ ಕೀಲಿಯ ಮೇಲೆ ಇದನ್ನು ಪ್ರಯೋಗಿಸಿದರೆ ಸಂಖ್ಯೆ ಸ್ಟ್ರಿಂಗಾಗಿ ಬದಲಾಗಿ ಸುತ್ತುವಿಕೆಯೇ ದಾರಿ ತಪ್ಪುತ್ತದೆ. ಲುವಾದ ಕೈಪಿಡಿಯೇ ಈ ಬಗ್ಗೆ ಎಚ್ಚರಿಸಿದೆ.

ಮೆಮೊರಿ ಸೋರಿಕೆಯ ಮಾತಿಗೆ ಬಂದರೆ, ಸಿ ಬಲ್ಲವರೂ ಎಡವುವ ಜಾಗ ಇದೇ. ಪೋರ್ಟಿನಿಂದ ಓದಲು ಮ್ಯಾಲಕ್ ಮಾಡಿ ಮೆಮೊರಿ ಪಡೆದು, ಓದಿ, ಪುಶ್‌ಎಲ್‌ಸ್ಟ್ರಿಂಗ್ ಮಾಡಿ, ಫ್ರೀ ಮಾಡಿ ಆ ಮೆಮೊರಿಯನ್ನು ಹಿಂದಿರುಗಿಸುವುದು ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಲುವಾದ ಬಹಳಷ್ಟು ಫಂಕ್ಷನ್ನುಗಳು ದೋಷ ಬಂದಾಗ ಹಿಂದಿರುಗುವುದಿಲ್ಲ; ಲಾಂಗ್‌ಜಂಪ್ ಮಾಡಿ ನೇರವಾಗಿ, ದೋಷ ಹಿಡಿಯಲು ಮೇಲೆ ಕಾದಿರುವ ಪಿಕಾಲ್‌ಗೆ ಹಾರುತ್ತವೆ. ಪುಶ್‌ಎಲ್‌ಸ್ಟ್ರಿಂಗ್ ಕೂಡ ಮೆಮೊರಿ ಸಾಲದಿದ್ದರೆ ಹೀಗೆ ಹಾರಬಲ್ಲದು. ಆಗ ಫ್ರೀ ಇರುವ ಸಾಲು ನಡೆಯುವುದೇ ಇಲ್ಲ. ಆರ್ಗ್ಯುಮೆಂಟುಗಳ ಪರೀಕ್ಷೆಯನ್ನೆಲ್ಲ ಮ್ಯಾಲಕ್‌ಗೆ ಮುಂಚೆಯೇ ಮುಗಿಸುವುದು ಅರ್ಧ ಪರಿಹಾರ. ಪೂರ್ತಿ ಪರಿಹಾರ ಬೇಕೆಂದರೆ ಲುವಾದಿಂದಲೇ ಮೆಮೊರಿ ಪಡೆಯಬೇಕು. ಅದಕ್ಕೆ ಲುವಾ ಬಫರ್ ಇದೆ: 5.2ರಿಂದ ಈಚೆಗೆ ಪ್ರೆಪ್‌ಬಫ್‌ಸೈಜ್ ಎಂದು ಬೇಕಾದಷ್ಟು ಜಾಗ ಕೇಳಿ, ಅದರೊಳಗೇ ನೇರವಾಗಿ ಓದಿ, ಎಷ್ಟು ಬೈಟು ಬಂತೆಂದು ಪುಶ್‌ರಿಸಲ್ಟ್‌ಸೈಜ್‌ಗೆ ಹೇಳಿದರೆ ಸ್ಟ್ರಿಂಗ್ ತಯಾರು. ನಡುವೆ ಏನಾದರೂ ಹಾರಿದರೆ ಗಾರ್ಬೇಜ್ ಕಲೆಕ್ಟರ್ ಅದನ್ನು ಸಾಗಹಾಕುತ್ತದೆ. ಬಫರ್ ತೆರೆದಿರುವಾಗ ಸ್ಟ್ಯಾಕಿನ ತುದಿಯಲ್ಲಿ ಅದು ತನ್ನದೇ ಸಾಮಾನು ಇಟ್ಟುಕೊಂಡಿರಬಹುದು ಎಂಬುದನ್ನು ಮಾತ್ರ ಮರೆಯಬಾರದು. -1 ಎಂದು ತುದಿಯಿಂದ ಎಣಿಸಿ ಆರ್ಗ್ಯುಮೆಂಟ್ ಎತ್ತಲು ಹೋದರೆ ಬಫರಿನ ಸಾಮಾನೇ ಕೈಗೆ ಬರುತ್ತದೆ. ಆರ್ಗ್ಯುಮೆಂಟುಗಳನ್ನು 1, 2 ಎಂದು ಬುಡದಿಂದ ಎಣಿಸುವುದು ವಾಸಿ.

ದತ್ತಾಂಶ ದೊಡ್ಡದಾಗಿದ್ದು ಅದರೊಳಗೆ ಪದೇ ಪದೇ ತಿದ್ದಬೇಕಿದ್ದರೆ, ಉದಾಹರಣೆಗೆ ಅಲೆರೂಪದ ಸಾವಿರಾರು ಮಾದರಿಗಳಿದ್ದರೆ, ಸ್ಟ್ರಿಂಗ್ ತಕ್ಕುದಲ್ಲ; ಒಂದು ಬೈಟ್ ತಿದ್ದಿದರೂ ಇಡೀ ನಕಲು ಬೇಕಾಗುತ್ತದೆ. ಅಲ್ಲಿ ಫುಲ್ ಯೂಸರ್‌ಡೇಟಾ ಬಳಸಬೇಕು: ಅದು ಲುವಾ ಕೊಡುವ, ಆದರೆ ನಾವು ಬರೆಯಬಹುದಾದ ಮೆಮೊರಿ. ಅದಕ್ಕೊಂದು ಮೆಟಾಟೇಬಲ್ (ಅದು ಯಾವ ಬಗೆಯದೆಂದು ಹೇಳುವ ಗುರುತಿನ ಟೇಬಲ್) ಕಟ್ಟಿ, ಪ್ರತಿ ಸಲ ಒಳಗೆ ಬರುವಾಗ ಚೆಕ್‌ಯುಡೇಟಾದಿಂದ ಗುರುತು ಪರೀಕ್ಷಿಸಬೇಕು. ಹಗುರ ಯೂಸರ್‌ಡೇಟಾ ಎಂಬ ಇನ್ನೊಂದಿದೆ, ಅದು ಬರಿಯ ಪಾಯಿಂಟರ್. ಅದಕ್ಕೆ ಉದ್ದವೂ ಇಲ್ಲ, ಒಡೆಯನೂ ಇಲ್ಲ. ಬೈಟುಗಳನ್ನು ಅದರ ಮೂಲಕ ಸಾಗಿಸುವ ಕೋಡನ್ನು ಕಂಡರೆ ನಾನು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಬೈಟುಗಳು ಸರಿಯಾಗಿ ದಾಟಿದ ಮೇಲೆ ಅವುಗಳಿಂದ ಸಂಖ್ಯೆ ತೆಗೆಯುವ ಕೆಲಸವನ್ನು ಸಿಯಲ್ಲಿ ಮಾಡಬೇಕೋ ಲುವಾದಲ್ಲೋ? 5.1ರಲ್ಲಿ ಆಯ್ಕೆ ಕಡಿಮೆಯಿತ್ತು. ಭಾಷೆಯ ಕರ್ತೃಗಳೇ ಬರೆದ ಸ್ಟ್ರಕ್ಟ್ ಮತ್ತು ಎಲ್‌ಪ್ಯಾಕ್ ಎಂಬ ಹೊರಗಿನ ಲೈಬ್ರರಿಗಳನ್ನು ಸೇರಿಸಿಕೊಳ್ಳಬೇಕಿತ್ತು. 2015ರಲ್ಲಿ ಬಂದ 5.3ರಲ್ಲಿ ಪ್ಯಾಕ್, ಅನ್‌ಪ್ಯಾಕ್ ಫಂಕ್ಷನ್ನುಗಳು ಭಾಷೆಯ ಒಳಗೇ ಸೇರಿದವು. ಈಗ ನಾಲ್ಕನೇ ಬೈಟಿನಿಂದ ಆರಂಭಿಸಿ, ದೊಡ್ಡ ಬೈಟ್ ಮೊದಲು ಬರುವ ಕ್ರಮದಲ್ಲಿ ಒಂದು ಫ್ಲೋಟ್ ಎಂದು ಒಂದೇ ಸಾಲಿನಲ್ಲಿ ಹೇಳಿದರೆ 230.4 ಕೈಗೆ ಬರುತ್ತದೆ. ಸಾಧ್ಯವಾದಲ್ಲೆಲ್ಲ ನಾನು ಈ ಬಿಡಿಸುವ ಕೆಲಸವನ್ನು ಲುವಾದಲ್ಲೇ ಇಟ್ಟು, ಸಿ ಲೈಬ್ರರಿಗೆ ಬೈಟುಗಳನ್ನು ಸಾಗಿಸುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದಂತೆ ನೋಡಿಕೊಳ್ಳುತ್ತೇನೆ. ಸಿಯಲ್ಲಿ ಮಾಡಲೇಬೇಕಿದ್ದರೆ, ಉತ್ತರದ ಮೇಲೆ ಫ್ಲೋಟ್ ಪಾಯಿಂಟರನ್ನು ನೇರವಾಗಿ ಹೊದಿಸಬಾರದು. ಮೂರು ಬೈಟುಗಳ ನಂತರ ಶುರುವಾಗುವ ದತ್ತಾಂಶ ನಾಲ್ಕರ ಗಡಿಗೆ ಹೊಂದುವುದಿಲ್ಲ. ಕೆಲವು ಪ್ರೊಸೆಸರುಗಳಲ್ಲಿ ಅದರಿಂದಲೇ ಪ್ರೋಗ್ರಾಂ ಸಾಯುತ್ತದೆ. ಬೈಟುಗಳ ಕ್ರಮವೂ ಹೆಚ್ಚಿನ ಯಂತ್ರಗಳಲ್ಲಿ ತಿರುಗುಮುರುಗು. ಮಾಡ್‌ಬಸ್ ಈ ವಿಷಯದಲ್ಲಿ ಒಂದು ವಿಚಿತ್ರ ಸಂಸಾರ: ರಿಜಿಸ್ಟರಿನೊಳಗೆ ದೊಡ್ಡ ಬೈಟ್ ಮೊದಲು, ಅದೇ ಚೌಕಟ್ಟಿನ ಕೊನೆಯ ಸಿಆರ್‌ಸಿಯಲ್ಲಿ ಚಿಕ್ಕ ಬೈಟ್ ಮೊದಲು, ಎರಡು ರಿಜಿಸ್ಟರುಗಳನ್ನು ಸೇರಿಸುವಾಗ ಯಾವುದು ಮೊದಲು ಎಂಬುದನ್ನು ಒಂದೊಂದು ಮೀಟರೂ ತನ್ನಿಷ್ಟದಂತೆ ತೀರ್ಮಾನಿಸುತ್ತದೆ.

ಬೇರೆ ಭಾಷೆಗಳಲ್ಲಿ ಇದೇ ಗಡಿಯನ್ನು ಬೇರೆ ಬೇರೆ ರೀತಿಯಲ್ಲಿ ಕಾಯಲಾಗಿದೆ. ಪೈಥಾನ್ 2008ರ ಮೂರನೇ ಆವೃತ್ತಿಯಿಂದ ಪಠ್ಯವನ್ನೂ ಬೈಟುಗಳನ್ನೂ ಬೇರೆಯಾಗಿಸಿತು. ಅದರ ಸಿ ಇಂಟರ್‌ಫೇಸಿನಲ್ಲಿ ಬರೀ ಪಾಯಿಂಟರ್ ಕೇಳುವ ಎಸ್ ಎಂಬ ಗುರುತಿಗೆ ನಡುವೆ ಸೊನ್ನೆಯಿರುವ ಸ್ಟ್ರಿಂಗ್ ಕೊಟ್ಟರೆ ಅದು ಸುಮ್ಮನೆ ತುಂಡು ಮಾಡದೆ ವ್ಯಾಲ್ಯೂಎರರ್ ಎಸೆಯುತ್ತದೆ. ಬೈಟುಗಳಿಗೆಂದೇ ಬಫರ್ ಕೊಡುವ ಬೇರೆ ಗುರುತಿದೆ, ಮುಗಿದ ಮೇಲೆ ಅದನ್ನು ಬಿಡುಗಡೆ ಮಾಡುವ ಹೊಣೆ ನಮ್ಮದು. ಟಿಸಿಎಲ್ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ ಬೈಟ್ ಅರೇ ಎಂಬ ಪ್ರತ್ಯೇಕ ರೂಪವಿದ್ದು, ಪಠ್ಯದ ರೂಪದಲ್ಲಿ ಸೊನ್ನೆ ಬಂದರೆ ಒಳಗಡೆ ಅದನ್ನು 192, 128 ಎಂಬ ಎರಡು ಬೈಟುಗಳಾಗಿ ವೇಷ ಮರೆಸಿ ಇಡಲಾಗುತ್ತದೆ. ಪೈಥಾನಿನ ಹಟ ನನಗೆ ಇಷ್ಟ: ಪುಶ್‌ಸ್ಟ್ರಿಂಗ್‌ಗೆ ಹೀಗೆ ದೂರುವ ದಾರಿಯೇ ಇಲ್ಲ, ಪಾಯಿಂಟರ್ ಬಿಟ್ಟು ಅದಕ್ಕೆ ಇನ್ನೇನೂ ಗೊತ್ತಿರುವುದಿಲ್ಲ.

ಪಂಪ್‌ಹೌಸಿನ ಬೋರ್ಡಿಗೆ ಹೊಸ ಲೈಬ್ರರಿ ಹಾಕಿದ ಮರುದಿನ ಬೆಳಿಗ್ಗೆ ಫೈಲ್ ತೆರೆದೆ. ರಾತ್ರಿ ಹತ್ತರಿಂದ ಐದರವರೆಗೆ ನಿಮಿಷಕ್ಕೊಂದರಂತೆ 420 ಸಾಲುಗಳು, ಆಂಪಿಯರ್ ಕಾಲಂ ಉದ್ದಕ್ಕೂ 0.0. ಆಮೇಲೆ ಇಡೀ ಕೋಡಿನಲ್ಲಿ ಪುಶ್‌ಸ್ಟ್ರಿಂಗ್ ಎಲ್ಲೆಲ್ಲಿದೆ ಎಂದು ಗ್ರೆಪ್ ಮಾಡಿ ಒಂದೊಂದನ್ನೇ ತೆಗೆಯುತ್ತ ಹೋದೆ. ಈಗ ಒಂದೇ ಒಂದು ಉಳಿದಿದೆ, ಪೋರ್ಟ್ ತೆರೆಯಲಾಗದಿದ್ದಾಗ ಸ್ಟ್ರ್‌ಎರರ್ ಕೊಡುವ ಸಂದೇಶವನ್ನು ಲುವಾಗೆ ದಾಟಿಸುವ ಕಡೆ. ಆ ಸಂದೇಶ ನಿಜಕ್ಕೂ ಸೊನ್ನೆಯಲ್ಲೇ ಮುಗಿಯುತ್ತದೆಯಾದ್ದರಿಂದ ಅದನ್ನು ಮುಟ್ಟಿಲ್ಲ.